ಪಾಳಿ ಮರೆಯುತ್ತಿದ್ದ ಡಬ್ಬಿ

ನನ್ನ ಕೆಲಸವೇನೆಂದು ಯಾರಿಗಾದರೂ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಚಿಕ್ಕೋಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಹೊಲಗಳ ಪೈಪಿಗೆ ಹಾಕಿದ ವಾಲ್‌ಗಳನ್ನು ತಾನೇ ತೆರೆದು ತಾನೇ ಮುಚ್ಚುವ ಡಬ್ಬಿಗಳನ್ನು ತಯಾರು ಮಾಡುತ್ತೇನೆ. ಓಣಿಯವರು ಇವತ್ತಿಗೂ ನನ್ನನ್ನು ಮಿಕ್ಸರ್ ರಿಪೇರಿಯವಳು ಅಂತಲೇ ತಿಳಿದಿದ್ದಾರೆ. ಒಂದೆರಡು ಮಿಕ್ಸರ್ ರಿಪೇರಿ ಮಾಡಿಕೊಟ್ಟದ್ದೂ ನಿಜವೇ, ಹಾಗಾಗಿ ಜಗಳಕ್ಕೆ ಹೋಗುವುದಿಲ್ಲ.

ಡಬ್ಬಿಯೊಳಗೆ ಅಂಗೈಯಗಲದ ಒಂದು ಬೋರ್ಡು. ಬೋರ್ಡಿನ ಮೂಲೆಯಲ್ಲಿ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಕರಿಯ ಚಿಪ್. ಅದೇ ಫ್ಲ್ಯಾಶ್. ಕರೆಂಟ್ ಹೋದರೂ ನೆನಪು ಹೋಗದ ಜಾಗ ಅದೊಂದೇ. ಅದರಲ್ಲಿ ಹಿಡಿಸುವುದು ಹದಿನಾರು ಎಂಬಿ. ನಿಮ್ಮ ಮೊಬೈಲಿನಲ್ಲಿರುವ ಮದುವೆ ಮನೆಯ ನಾಲ್ಕು ಫೋಟೊ ಹಾಕಿದರೆ ಮುಗಿಯಿತು, ಐದನೆಯದಕ್ಕೆ ಜಾಗವಿಲ್ಲ. ಅಷ್ಟರಲ್ಲೇ ನಾನು ಒಂದು ಪೂರಾ ಲಿನಕ್ಸ್ ಸಂಸಾರ ಹೂಡಬೇಕು.

ಹೂಡುವುದೆಂದರೆ ಮೊದಲು ಪಾಲು ಹಾಕುವುದು. ಇಂಗ್ಲಿಷಿನಲ್ಲಿ ಪಾರ್ಟಿಶನ್ ಅನ್ನುತ್ತಾರೆ, ನಮ್ಮ ಕಡೆ ಹೊಲದ ಮಾತಿಗೆ ಬಂದರೆ ವಾಟಣಿ. ಮೊದಲನೆಯ ಸಣ್ಣ ಪಾಲು ಎಬ್ಬಿಸುವವನದು. ಕರೆಂಟ್ ಬಂದ ಕೂಡಲೇ ಅವನು ಎದ್ದು ಉಳಿದವರನ್ನು ಎಬ್ಬಿಸುತ್ತಾನೆ. ಎರಡನೆಯದು ಮನೆ ನಡೆಸುವ ಯಜಮಾನನದು, ಅಂದರೆ ಕರ್ನಲ್. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕೆಲಸದ ಸಾಮಾನನ್ನೆಲ್ಲ ಒತ್ತಿ ಒತ್ತಿ ತುಂಬಿದ ಉಗ್ರಾಣ ಅದು. ಅಲ್ಲಿಂದ ಓದಬಹುದು, ಏನನ್ನೂ ತಿದ್ದುವ ಹಾಗಿಲ್ಲ. ಕಡೆಗೆ ಉಳಿಯುವ ಚೂರು ಜಾಗದಲ್ಲಿ ಮಾತ್ರ ಡಬ್ಬಿ ತನಗೆ ಬೇಕಾದ್ದನ್ನು ಬರೆದುಕೊಳ್ಳಬಹುದು. ಈ ಕೆಲಸವನ್ನು ನೂರಾರು ಸಲ ಮಾಡಿದ್ದೇನೆ. ಆದರೂ ಪಾಲು ಹಾಕಿ, ತುಂಬಿ, ಸ್ವಿಚ್ ಒತ್ತಿದಾಗ ಆ ಉಗುರಿನಷ್ಟು ಜಾಗದಿಂದ ಒಂದೊಂದೇ ಸಾಲು ಪರದೆಯ ಮೇಲೆ ಏಳುವುದನ್ನು ನೋಡಿದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಗಂಡ ಅದನ್ನು ನೋಡಿ ನಗುತ್ತಾರೆ. ನಗಲಿ.

ಒಂದು ಬೇಸಿಗೆಯಲ್ಲಿ ಉಗಾರದ ಆಚೆ ಹೊಳೆದಂಡೆಯ ಒಂದು ಪೈಪ್‌ಲೈನಿಗೆ ಡಬ್ಬಿ ಬೇಕೆಂದು ಕರೆ ಬಂತು. ಹನ್ನೆರಡು ಮನೆಯವರು ಕೂಡಿ ಕೃಷ್ಣಾ ಹೊಳೆಯಲ್ಲಿ ಜಾಕ್‌ವೆಲ್ ಅನ್ನುವ ಬಾವಿ ಕಟ್ಟಿಸಿ, ಅಲ್ಲಿಂದ ಪಂಪಿನಲ್ಲಿ ನೀರೆತ್ತಿ, ಮಂಗಸೂಳಿ ಕಡೆಗೆ ಏರುವ ತಮ್ಮ ಹೊಲಗಳಿಗೆ ಒಯ್ದುಕೊಂಡಿದ್ದರು. ಒಂದೇ ಪೈಪು, ಹನ್ನೆರಡು ವಾಲು. ಒಬ್ಬರ ನೀರು ಮುಗಿದ ಮೇಲೆ ಮತ್ತೊಬ್ಬರದು. ಅದೇ ಪಾಳಿ. ಇಂಥವರಿಗೆ ಇಷ್ಟು ತಾಸು ಅಂತ ಹೊಲದ ಅಳತೆಯ ಮೇಲೆ ಎಂದೋ ಗೊತ್ತುಮಾಡಿದ್ದು. ವರ್ಷಗಟ್ಟಲೆ ವಾಲ್ ತಿರುಗಿಸುತ್ತಿದ್ದ ಮುದುಕ ಮಗಳ ಊರಿಗೆ ಹೋಗಿಬಿಟ್ಟಿದ್ದ, ಅವನ ಜಾಗಕ್ಕೆ ನನ್ನ ಡಬ್ಬಿ. ಅವರಲ್ಲೇ ಒಬ್ಬರು ಈ ಪೈಪ್‌ಲೈನಿನ ಚೇರಮನ್ನರು, ಎರಡನೆಯ ಹೊಲದವರು, ಒಂದು ಹಾಳೆಯಲ್ಲಿ ಹನ್ನೆರಡು ಪಾಳಿ, ಅವುಗಳ ಎದುರಿಗೆ ತಾಸುಗಳನ್ನು ಬರೆದುಕೊಟ್ಟರು. ನಾನು ಹಾಳೆ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ. ಮತ್ತೇನನ್ನೂ ಕೇಳಲಿಲ್ಲ. ಎಲ್ಲ ಗೊತ್ತು ಅನ್ನುವ ಸೊಕ್ಕು ನನಗೆ ಆಗ ಸ್ವಲ್ಪ ಹೆಚ್ಚೇ ಇತ್ತು.

ಫ್ಲ್ಯಾಶಿನ ಒಂದು ಸ್ವಭಾವವನ್ನು ಇಲ್ಲಿ ಹೇಳಬೇಕು. ಅದರಲ್ಲಿ ಖಾಲಿ ಜಾಗದ ಮೇಲೆ ಬರೆಯುವುದು ಸುಲಭ, ಅಳಿಸುವುದು ಕಷ್ಟ. ಒಂದೇ ಅಕ್ಷರ ಅಳಿಸಬೇಕಿದ್ದರೂ ಅರವತ್ನಾಲ್ಕು ಕೆಬಿಯ ಒಂದು ತುಂಡನ್ನು ಪೂರ್ತಿ ಒರೆಸಬೇಕು. ಒಂದು ತುಂಡು ಸುಮಾರು ಲಕ್ಷ ಸಲ ಒರೆಸುವುದನ್ನು ತಾಳುತ್ತದೆ, ಆಮೇಲೆ ಸವೆದು ಕೈಕೊಡುತ್ತದೆ. ಇದನ್ನು ಓದಿದಂದಿನಿಂದ ನಾನು ಫ್ಲ್ಯಾಶಿನ ವಿಷಯದಲ್ಲಿ ಮಹಾ ಜಿಪುಣಿ. ಹನ್ನೆರಡು ಪಾಳಿಯ ಪಟ್ಟಿಯನ್ನು ಓದುವ ಪಾಲಿನಲ್ಲಿ ಭದ್ರವಾಗಿಟ್ಟೆ. ಈಗ ಯಾರ ಪಾಳಿ ನಡೆದಿದೆ, ಎಷ್ಟು ಉಳಿದಿದೆ ಅನ್ನುವುದನ್ನು ಮಾತ್ರ ಕರೆಂಟ್ ಇರುವತನಕ ಇರುವ ನೆನಪಿನಲ್ಲಿಟ್ಟೆ. ಬರೆಯುವ ಪಾಲನ್ನು ಮುಟ್ಟಲೇ ಇಲ್ಲ. ಚಿಪ್ ನೂರು ವರ್ಷ ಬಾಳುತ್ತದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೊಳೆದಂಡೆಯಲ್ಲಿ ಬ್ಯಾಟರಿ ಇಟ್ಟರೆ ಕದ್ದೊಯ್ಯುತ್ತಾರೆಂದು ಅದನ್ನೂ ಹಾಕಿರಲಿಲ್ಲ.

ಡಬ್ಬಿ ಕೂಡಿಸಿ ಬಂದ ಹನ್ನೆರಡನೆಯ ದಿನ ಫೋನ್ ಬಂತು. ವಯಸ್ಸಾದ ಹೆಣ್ಣುಮಗಳ ದನಿ.

“ಯವ್ವಾ, ನಿನ್ನ ಡಬ್ಬಿ ಮರೀತೈತಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಮಷೀನ್ ಮರೆಯೂದಿಲ್ರಿ. ಮನಶ್ಯಾರು ಮರೀತಾರ,” ಅಂದೆ.

“ಹಂಗಾದ್ರ ನನ್ನ ಹೊಲಾ ಎಲ್ಲೈತಿ ಅನ್ನೂದು ಅದಕ್ಕ ಗೊತ್ತ ಇಲ್ಲ ಅನ್ನು. ಕಡೀ ಹೊಲಾ ನಂದು. ಹನ್ನೆರಡ ದಿನಾ ಆತು, ನನ್ನ ವಾಲ್ ಒಮ್ಮೀನೂ ತಗದಿಲ್ಲ.”

ಚೇರಮನ್ನರಿಗೆ ಫೋನ್ ಮಾಡಿದೆ. “ನೀರೇನ ಛಲೋ ಬರಾಕತ್ತೈತ್ರಿ ಬಾಯಾರ. ಡಬ್ಬಿ ಭಾರಿ ಐತಿ ನೋಡ್ರಿ,” ಅಂದರು. ಫೋನ್ ಇಟ್ಟು ಅವರು ಕೊಟ್ಟ ಹಾಳೆಯನ್ನು ಮತ್ತೆ ಬಿಚ್ಚಿ ನೋಡಿದೆ. ಎರಡನೆಯ ಹೊಲದವರಿಗೆ ಭಾರಿ ಛಲೋ, ಹನ್ನೆರಡನೆಯವರಿಗೆ ಹನಿಯಿಲ್ಲ. ಆಗ ಹೊಳೆಯಿತು. ಆ ಕಡೆ ಮೋಟಾರಿನ ಕರೆಂಟು ದಿನಕ್ಕೆ ಏಳು ತಾಸು, ಅದರಲ್ಲೂ ಎರಡು ಮೂರು ಸಲ ಹೋಗಿ ಬರುತ್ತದೆ. ಹೋದಾಗಲೆಲ್ಲ ನನ್ನ ಡಬ್ಬಿ ಎಲ್ಲವನ್ನೂ ಮರೆತು, ಎದ್ದ ಕೂಡಲೇ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು. ಒಂದು, ಎರಡು, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಮತ್ತೆ ಕರೆಂಟ್ ಮಾಯ.

ನಾಚಿಕೆಯ ಸಂಗತಿಯೆಂದರೆ ನಾನೇನೂ ಬೇರೆ ದೇಶದವಳಲ್ಲ. ನನ್ನ ತವರು ಮುಗಳಖೋಡದ ಹತ್ತಿರ. ಅಲ್ಲಿಯೂ ಅಪ್ಪ, ಚಿಕ್ಕಪ್ಪಂದಿರ ನಡುವೆ ಒಂದೇ ಬಾವಿ. ಯಾರ ಪಾಳಿಯಲ್ಲಿ ಕರೆಂಟ್ ಹೋಯಿತೋ, ಬಂದ ಮೇಲೆ ಉಳಿದ ತಾಸು ಮೊದಲು ಅವರದು. ಆಮೇಲೆ ಮುಂದಿನವರು. ಈ ಕಟ್ಟಳೆಯನ್ನು ಯಾರೂ ಹಾಳೆಯಲ್ಲಿ ಬರೆಯುವುದಿಲ್ಲ, ಯಾಕೆಂದರೆ ಅದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಡಬ್ಬಿಗೆ ಹೇಳುವುದನ್ನು ಮರೆತವಳು ನಾನು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ರಾಯಬಾಗ, ಕುಡಚಿ ದಾಟಿ ಹೊರಟೆ. ಫೋನ್ ಮಾಡಿದವರು ಹೊಲದ ಮನೆಯ ಮುಂದೆಯೇ ನಿಂತಿದ್ದರು, ಊರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಜೈನರ ಮನೆಯ ಹಿರಿಯ ಹೆಣ್ಣುಮಗಳು, ಎಪ್ಪತ್ತರ ಆಚೆ, ಬೆನ್ನು ನೆಟ್ಟಗೆ. ಅವರದು ಕಬ್ಬಲ್ಲ, ಎಲೆಬಳ್ಳಿಯ ತೋಟ. ಹತ್ತು ಗುಂಟೆಯಲ್ಲಿ ಚೊಗಚೆ ಗಿಡಗಳ ಮೈಗೆ ವೀಳ್ಯದ ಬಳ್ಳಿ ಹಬ್ಬಿಸಿದ್ದರು. ಗಂಡ ಹೋದ ಮೇಲೂ ಆ ತೋಟವನ್ನು ಬಿಡದೆ ಒಬ್ಬರೇ ನಡೆಸಿಕೊಂಡು ಬಂದವರು. ಕಬ್ಬು ಎರಡು ವಾರ ನೀರಿಲ್ಲದೆ ಹಲ್ಲು ಕಚ್ಚಿ ನಿಲ್ಲುತ್ತದೆ. ಎಲೆಬಳ್ಳಿ ನಿಲ್ಲುವುದಿಲ್ಲ. ಮೂರು ಸಾಲು ಆಗಲೇ ಸುಟ್ಟ ಕಾಗದದ ಹಾಗೆ ಮುರುಟಿದ್ದವು. ಉಳಿದವನ್ನು ಕಾಕು ಮನೆಯ ನಳದಿಂದ ಕೊಡ ಹೊತ್ತು ಹೊತ್ತು ಉಳಿಸಿಕೊಂಡಿದ್ದರು. ಅವರ ಸೊಂಟದ ಮೇಲೆ ಸೀರೆ ಒದ್ದೆಯಾಗಿಯೇ ಇತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

“ತಪ್ಪಾತ್ರಿ ಕಾಕು,” ಅಂದೆ.

“ಕುಂದರ ಬಾ. ಚಾ ಕುಡಿ ಮೊದಲ,” ಅಂದರು.

ಚಹಾ ಕುಡಿಯುತ್ತ, ಡಬ್ಬಿ ಬರುವ ಮುಂಚೆ ಪಾಳಿ ಎಲ್ಲಿಗೆ ನಿಂತಿತ್ತೆಂದು ಯಾರ ನೆನಪಿನಲ್ಲಿರುತ್ತಿತ್ತು ಅಂತ ಕೇಳಿದೆ. ಕಾಕು ಎದ್ದು ಗೋಡೆಯ ಮಾಡಿನಿಂದ ಎರಡು ಹಿತ್ತಾಳೆಯ ವಾಟಿ ತಂದು ನನ್ನ ಮುಂದಿಟ್ಟರು. ಉಪ್ಪಿನಕಾಯಿ ಬಡಿಸುವಷ್ಟು ಸಣ್ಣ ಬಟ್ಟಲುಗಳು. ಒಂದರ ಮೇಲೆ ಮುಚ್ಚಳವಿತ್ತು, ಇನ್ನೊಂದು ಖಾಲಿ. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹನ್ನೊಂದು ಹುಣಸೆ ಬೀಜ, ಮೂರು ಜೋಳದ ಕಾಳು. ಬೀಜವೆಂದರೆ ಎಷ್ಟನೆಯ ಪಾಳಿ ಅನ್ನುವುದು. ಕಾಳೆಂದರೆ ಆ ಪಾಳಿಯಲ್ಲಿ ಉಳಿದ ಹೊತ್ತು, ಒಂದು ಕಾಳಿಗೆ ಕಾಲು ತಾಸು. ದನದ ಕೊಟ್ಟಿಗೆಯ ಬಲ್ಬು ಪಂಪಿನ ಲೈನಿನದೇ. ಅದು ಆರಿದಾಗ ಗಡಿಯಾರ ನೋಡಿ ವಾಟಿ ಬದಲಾಯಿಸುತ್ತಿದ್ದರು. ವಾಲ್ ತಿರುಗಿಸುವ ಮುದುಕ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, “ಎಲ್ಲಿಗೆ ನಿಂತೈತ್ರಿ ಕಾಕು?” ಅಂತ ಕೇಳಿ ಹೋಗುತ್ತಿದ್ದನಂತೆ. ಮೂವತ್ತು ವರ್ಷ ಹೀಗೆಯೇ ನಡೆದಿತ್ತು.

“ಇದನ್ನ ನೀವ ಯಾಕ ಮಾಡಬೇಕ್ರಿ? ಚೇರಮನ್ನರು ಮಾಡಬೇಕಲ್ಲ?”

“ಮೊದಲನೇ ಹೊಲದಂವಗ ತನ್ನ ಪಾಳಿ ಅಷ್ಟ ಗೊತ್ತಿದ್ರ ಸಾಕವ್ವಾ. ಕಡೀ ಹೊಲದಾಕಿಗೆ ಎಲ್ಲಾರ ಪಾಳೀನೂ ಗೊತ್ತಿರಬೇಕು.”

ಎರಡು ವಾಟಿ ಯಾಕೆ, ಒಂದು ಸಾಲದೇ ಅಂದೆ. ನಾನು ಹುಂಬಿಯೋ ಅನ್ನುವ ಹಾಗೆ ನೋಡಿ, ತುಂಬಿದ ವಾಟಿಯನ್ನು ಮತ್ತೆ ಮುಚ್ಚಿಟ್ಟು, ಮಾಡಿ ತೋರಿಸಿದರು. ಖಾಲಿ ವಾಟಿಯಲ್ಲಿ ಅಷ್ಟೇ ಹೊಸ ಬೀಜ, ಅಷ್ಟೇ ಹೊಸ ಕಾಳು ಹಾಕಿದರು. ಹಾಕಿ ಮುಗಿದ ಮೇಲೆ ಅದಕ್ಕೂ ಒಂದು ಮುಚ್ಚಳ ಮುಚ್ಚಿದರು. ಆಮೇಲೆ ಹಳೆಯ ವಾಟಿಯ ಮುಚ್ಚಳ ತೆಗೆದು ಅದನ್ನು ಬರಿದು ಮಾಡಿದರು.

“ಹೊಸದು ಪೂರಾ ಆಗೂತನಕ ಹಳೇದನ್ನ ಮುಟ್ಟಬಾರದು. ಕಾಳು ಹಾಕೂ ಮುಂದ ಆಕಳು ಹಗ್ಗಾ ಕಡಕೊಂಡು ಓಡ್ತೈತಿ, ಇಲ್ಲಾ ಯಾರರ ಕರೀತಾರ. ತಿರುಗಿ ಬಂದು ನೋಡಿದ್ರ ಎಷ್ಟ ಹಾಕಿದ್ದೆ, ಎಷ್ಟ ಬಿಟ್ಟಿದ್ದೆ? ಅದಕ್ಕ, ಮುಚ್ಚಳಾ ಇದ್ದದ್ದು ಖರೆ. ಮುಚ್ಚಳಾ ಇಲ್ಲದ್ದನ್ನ ನಂಬಬಾರದು.”

ನನ್ನ ಕೈಯಲ್ಲಿದ್ದ ಚಹಾ ಆರಿತು. ಕರೆಂಟ್ ಯಾವ ಗಳಿಗೆಯಲ್ಲಿ ಹೋದರೂ ಕೆಡದ ಹಾಗೆ ಫ್ಲ್ಯಾಶಿನಲ್ಲಿ ಬರೆಯುವುದು ಹೇಗೆ ಅನ್ನುವುದನ್ನು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದಾರೆ. ಎರಡು ಜಾಗ ಇಟ್ಟುಕೋ, ಹೊಸದನ್ನು ಬೇರೆ ಜಾಗದಲ್ಲಿ ಪೂರ್ತಿ ಬರೆ, ಮುಗಿಯಿತೆಂದು ಕಡೆಗೊಂದು ಗುರುತು ಹಾಕು, ಗುರುತಿಲ್ಲದ್ದನ್ನು ನಂಬಬೇಡ. ಇದನ್ನು ಓದಿ ತಿಳಿಯಲು ನನಗೆ ತಿಂಗಳುಗಟ್ಟಲೆ ಬೇಕಾಗಿತ್ತು. ಇಲ್ಲಿ ನೋಡಿದರೆ ಆಕಳ ಹಗ್ಗ, ಹುಣಸೆ ಬೀಜ, ಎರಡು ವಾಟಿ. ನನಗೆ ಬೆರಗೋ ಬೆರಗು. ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹೇಗಾದರೂ ಸಿಕ್ಕಿಸಬೇಕೆಂದು ಕೇಳಿದೆ:

“ಹಳೇದರ ಮುಚ್ಚಳಾ ತಗಿಯೂದರಾಗ ಯಾರರ ಕರದ್ರ? ಎರಡಕ್ಕೂ ಮುಚ್ಚಳಾ ಇರ್ತೈತಿ. ಆಗ ಯಾವುದು ಖರೆ?”

“ಪಾಳಿ ಒಂದ ಇದ್ರ ಕಾಳು ಕಡಿಮಿ ಇದ್ದದ್ದು ಹೊಸದು. ನೀರು ಹಿಂದಕ್ಕ ಹರೀತೈತೇನ ಹುಚ್ಚಿ?”

ನಾನು ಸೋತೆ. ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಆದರೂ ಒಂದು ಉಳಿದಿತ್ತು. ವಾಟಿಯಲ್ಲಿ ಹನ್ನೊಂದು ಬೀಜ, ಮೂರು ಕಾಳು ಯಾಕೆ? ಹನ್ನೆರಡು ದಿನ ನೀರು ಹರಿದಿದೆಯಲ್ಲ?

“ನಿನ್ನ ಡಬ್ಬಿ ಬಂದ ದಿನಾನ ಪಾಳಿ ನಿಂತೈತಿ. ಆಮ್ಯಾಲ ಹರದದ್ದು ನೀರು, ಪಾಳಿ ಅಲ್ಲ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಡಬ್ಬಿಯನ್ನು ಬಿಚ್ಚಿಕೊಂಡು ಬಂದು ಎರಡು ದಿನ ಊಟ ನಿದ್ದೆ ಮರೆತು ಕೂತೆ. ಡಬ್ಬಿ ಇಲ್ಲದ ಆ ಎರಡು ದಿನ ಪಂಪನ್ನೇ ಹಚ್ಚಬೇಡಿರೆಂದು ಚೇರಮನ್ನರಿಗೆ ಖಡಕ್ಕಾಗಿ ಹೇಳಿದ್ದೆ. ಕಡೆಯ ಪಾಲನ್ನು ಒಡೆದು ಎರಡು ಸಣ್ಣ ತುಂಡು ಬೇರೆ ಮಾಡಿದೆ. ಅರವತ್ನಾಲ್ಕು, ಅರವತ್ನಾಲ್ಕು ಕೆಬಿ. ಹೆಸರು ಕೊಡಬೇಕಾದಾಗ ‘ವಾಟಿ ಒಂದು’, ‘ವಾಟಿ ಎರಡು’ ಅಂತಲೇ ಇಟ್ಟೆ. ಅವಸರದಲ್ಲಿ ಮೊದಲ ಸಲ ಗಡಿ ತಪ್ಪಿತು. ಗಡಿಯನ್ನು ಒಂದು ತುಂಡಿನ ನಡುವೆ ಎಳೆದುಬಿಟ್ಟಿದ್ದೆ. ಲಿನಕ್ಸ್ ಅದನ್ನು ಒಪ್ಪಲಿಲ್ಲ. ಗಡಿ ಸರಿಯಿಲ್ಲ, ಇದನ್ನು ಓದಬಹುದು, ಬರೆಯಲು ಬಿಡುವುದಿಲ್ಲ ಅಂದಿತು. ಬದು ಒತ್ತಿದವನನ್ನು ಊರ ಹಿರಿಯರು ತಡೆಯುವಂತೆಯೇ. ತಿದ್ದಿ ಎಳೆದೆ.

ಆಮೇಲೆ ಲೆಕ್ಕ ಹಾಕಿದೆ. ಒಂದು ನಮೂದಿಗೆ ಹದಿನಾರು ಅಕ್ಷರದ ಜಾಗ ಸಾಕು. ನಿಮಿಷಕ್ಕೊಂದರಂತೆ ಒಂದರ ಕೆಳಗೊಂದು ಬರೆದುಕೊಂಡು ಹೋದರೆ ಒಂದು ವಾಟಿ ತುಂಬಲು ನಾಲ್ಕು ಸಾವಿರಕ್ಕೂ ಹೆಚ್ಚು ನಿಮಿಷ ಬೇಕು. ದಿನಕ್ಕೆ ಏಳು ತಾಸಿನ ಕರೆಂಟಿನಲ್ಲಿ ಅದು ಹತ್ತಿರಹತ್ತಿರ ಹತ್ತು ದಿನ. ಆಗ ಇನ್ನೊಂದು ವಾಟಿಯನ್ನು ಒಂದೇ ಒಂದು ಸಲ ಒರೆಸಬೇಕು. ಲಕ್ಷ ಸಲ ಒರೆಸುವಷ್ಟರಲ್ಲಿ ಸಾವಿರಾರು ವರ್ಷ ಕಳೆದಿರುತ್ತವೆ. ಪೆನ್ನು ಕೆಳಗಿಟ್ಟೆ. ಇಂಥ ಜಾಗದ ಮೇಲೆ ನಾನು ಜಿಪುಣತನ ಮಾಡಿ, ಒಬ್ಬ ಹೆಣ್ಣುಮಗಳನ್ನು ಕೊಡ ಹೊರಿಸಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಡಬ್ಬಿಯನ್ನು ಮತ್ತೆ ಜಾಕ್‌ವೆಲ್ಲಿನ ಗೋಡೆಗೆ ಕೂಡಿಸಿದ ದಿನ ಚೇರಮನ್ನರೂ ಬಂದಿದ್ದರು, ಕಾಕುವೂ ಬಂದಿದ್ದರು. ಸುಳ್ಳು ಪಾಳಿಯೊಂದನ್ನು ಹಾಕಿ, ಸ್ವಿಚ್ಚನ್ನು ಕಾಕು ಕೈಗೆ ಕೊಟ್ಟೆ.

“ಎಷ್ಟ ಸಲಾ ತಗೀಲಿ?”

“ನಿಮಗ ಸಾಕನಸೂತನಕ ತಗೀರಿ.”

ಕಾಕು ಕರುಣೆ ತೋರಿಸಲಿಲ್ಲ. ಡಬ್ಬಿ ಏಳುವ ಮೊದಲೇ ಆರಿಸಿದರು. ಆರಿಸುವ ಹಾಗೆ ಮಾಡಿ ಬಿಟ್ಟರು. ಬೇರೆ ಕಡೆ ನೋಡುತ್ತ ತಟ್ಟನೆ ಎಳೆದರು. ಇಪ್ಪತ್ತು ದಾಟಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಪ್ರತಿ ಸಲವೂ ಡಬ್ಬಿ ಎದ್ದು, ಮೈಮುರಿದು, ತನ್ನ ಪುಟ್ಟ ಪರದೆಯ ಮೇಲೆ ಅದೇ ಪಾಳಿ, ಅಷ್ಟೇ ನಿಮಿಷ ತೋರಿಸಿತು. ಪ್ರತಿ ಸಲವೂ ನನಗೆ ಎದೆ ತುಂಬಿ ಬಂತು. ಕಡೆಗೆ ಕಾಕು, “ಕಲತೈತಿ ಬಿಡು,” ಅಂದರು.

ಖರೆ ಪಾಳಿ ಹಾಕುವ ಹೊತ್ತು ಬಂತು. ಚೇರಮನ್ನರು, “ಹೊಸಾ ಡಬ್ಬಿ, ಹೊಸಾ ಪಾಳಿ. ಒಂದರಿಂದ ಶುರು ಮಾಡ್ರಿ ಬಾಯಾರ,” ಅಂದುಬಿಟ್ಟರು. ನನ್ನ ನೆತ್ತಿಗೆ ಏರಿತು. ಬಾಯಿ ತೆರೆಯುವ ಮುಂಚೆ ಕಾಕು ಸೆರಗಿನೊಳಗಿಂದ ಬಟ್ಟೆ ಸುತ್ತಿದ ವಾಟಿ ತೆಗೆದು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಚೇರಮನ್ನರು ಬೀಜ ಎಣಿಸಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. “ಆತ್ರಿ ಕಾಕು. ವಾಟಿ ಹೇಳಿದ್ಮ್ಯಾಲ ಮುಗೀತು,” ಅಂದು ಪಂಪಿನ ಕಡೆ ಹೋದರು.

ಹನ್ನೊಂದನೆಯ ಹೊಲದವರದು ಮುಕ್ಕಾಲು ತಾಸು ಉಳಿದಿತ್ತು. ಆಮೇಲೆ ಕಾಕುವಿನದು. ಆದರೆ ಹನ್ನೊಂದನೆಯವರು ಮಗಳ ಬಾಣಂತನಕ್ಕೆಂದು ಅಥಣಿಗೆ ಹೋಗಿ ಎಷ್ಟೋ ದಿನವಾಗಿತ್ತು. ಅವರದು ಕಬ್ಬು. ನಾನು ಕಾಕುವಿನ ಕಿವಿಯ ಹತ್ತಿರ ಬಗ್ಗಿದೆ.

“ಕಾಕು, ಹನ್ನೆರಡ ಅಂತ ಒತ್ತಲೇನ್ರಿ? ಅವರು ಊರಾಗ ಇಲ್ಲ. ಕಬ್ಬು ತಡೀತೈತಿ, ನಿಮ್ಮ ಬಳ್ಳಿ ತಡಿಯೂದಿಲ್ಲ. ಯಾರಿಗೂ ತಿಳಿಯೂದಿಲ್ಲ.”

ಕಾಕು ನನ್ನನ್ನು ಬೈಯಲಿಲ್ಲ. “ವಾಟ್ಯಾಗ ಏನೈತಿ, ಅದನ್ನ ಒತ್ತು,” ಅಂದರು, ಅಷ್ಟೇ.

ಹನ್ನೊಂದು, ನಲವತ್ತೈದು ನಿಮಿಷ ಅಂತ ಒತ್ತಿದೆ. ಪಂಪು ಗುರುಗುಟ್ಟಿತು. ಕಾಕು ತೋಟದ ಬದುವಿನ ಮೇಲೆ ಹೋಗಿ ಕೂತರು, ನಾನೂ ಹೋಗಿ ಕೂತೆ. ಪಕ್ಕದ ಕಬ್ಬಿಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅರ್ಧ ತಾಸಾಗಿತ್ತು, ಕರೆಂಟ್ ಹೋಯಿತು. ಆ ದಿನ ಮತ್ತೆ ಬರಲಿಲ್ಲ. ನಾನು ಕರೆಂಟಿನವರಿಗೆ, ತಂತಿಗೆ, ಕಂಬಕ್ಕೆ, ನನ್ನ ಹಣೆಬರಹಕ್ಕೆ ಬಾಯಿಗೆ ಬಂದಂತೆ ಬೈದೆ. ಕಾಕು ಸೀರೆ ಕೊಡವಿಕೊಂಡು ಎದ್ದು ಕೊಡ ತಂದರು. ನಾನು ಚಿಕ್ಕೋಡಿಗೆ ಹೋಗಲಿಲ್ಲ. ಸಂಜೆಯತನಕ ಅವರ ಜೊತೆ ಕೊಡ ಹೊತ್ತೆ. ಎಷ್ಟು ಹೊತ್ತರೂ ಇನ್ನೊಂದು ಸಾಲು ನಮ್ಮ ಕಣ್ಣೆದುರೇ ಬಾಡಿತು. ಹನ್ನೆರಡು ಅಂತ ಒತ್ತಿದ್ದರೆ ಆ ಅರ್ಧ ತಾಸಿನ ನೀರಿನಲ್ಲಿ ಅದು ಉಳಿಯುತ್ತಿತ್ತು. ಕಾಕುವಿಗೂ ಅದು ಗೊತ್ತಿತ್ತು.

ಮರುದಿನ ಹತ್ತು ಗಂಟೆಗೆ ಕರೆಂಟ್ ಬಂತು. ನಾನು ಆಗಲೇ ಜಾಕ್‌ವೆಲ್ಲಿಗೆ ಹೋಗಿ ಡಬ್ಬಿಯ ಮುಂದೆ ಕಾದು ನಿಂತಿದ್ದೆ. ಪರದೆಯ ಮೇಲೆ ಹನ್ನೊಂದು, ಹದಿನೈದು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಕಲಿಸಿದ್ದು ಅಂತ ಹೆಮ್ಮೆಪಡುವ ಬದಲು ನನಗೆ ಹೆದರಿಕೆಯಾಯಿತು. ನಿನ್ನೆ ನಾನು ಹನ್ನೆರಡು ಅಂತ ಒತ್ತಿದ್ದರೆ ಇದು ಅದನ್ನೂ ಇಷ್ಟೇ ನಿಷ್ಠೆಯಿಂದ ನೆನಪಿಟ್ಟುಕೊಂಡಿರುತ್ತಿತ್ತು. ಆ ಚಿಪ್ಪಿಗೆ ಖರೆ ಸುಳ್ಳು ಗೊತ್ತಿಲ್ಲ. ಖರೆಯನ್ನು ಇಟ್ಟವರು, ಬಾಡುವ ಬಳ್ಳಿಯನ್ನು ನೋಡುತ್ತ ಬದುವಿನ ಮೇಲೆ ಕೂತ ಆ ಹೆಣ್ಣುಮಗಳು.

ನಾನು ತೋಟಕ್ಕೆ ಓಡಿ ಬಂದೆ. ಹದಿನೈದು ನಿಮಿಷ ಮುಗಿಯುವತನಕ ಆಕೆ ಅಲುಗದೆ ಕೂತರು. ಹನ್ನೊಂದನೆಯ ವಾಲ್ ಮುಚ್ಚಿದ್ದು ಕೇಳಿತು. ನಮ್ಮ ಮುಂದಿನ ಪೈಪು ಒಂದೆರಡು ಸಲ ಕೆಮ್ಮಿ, ಕೆಂಪು ನೀರುಗುಳಿ, ಆಮೇಲೆ ತೋಳಿನ ದಪ್ಪಕ್ಕೆ ಹರಿಯಿತು. ಕಾಕು ಸಲಿಕೆ ಹಿಡಿದು ಕಾಲುವೆಗಿಳಿದರು. ಸತ್ತ ನಾಲ್ಕು ಸಾಲುಗಳ ಬಾಯಿಗೆ ಮಣ್ಣು ಮುಚ್ಚಿ, ಹಸಿರಿದ್ದ ಐದನೆಯ ಸಾಲಿಗೆ ನೀರು ತಿರುಗಿಸಿದರು. ನಾನು ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

“ಆಮ್ಯಾಲ ಅಳುವಂತಿ ಮಗಳ,” ಅಂದರು ಕಾಕು, ತಲೆ ಎತ್ತದೆ. “ಅಲ್ಲಿ ನೋಡು, ಬದು ಒಡದು ನೀರು ಹೊರಗ ಹೊಂಟೈತಿ. ಮಣ್ಣ ಹಾಕು.”

ಚಪ್ಪಲಿ ಬಿಟ್ಟು ಕೆಸರಿಗಿಳಿದು, ಎರಡೂ ಕೈಯಿಂದ ಮಣ್ಣು ಹಾಕಿದೆ.